ಚಿತ್ರ ನೋಡೋಕೆ ಒಂದು ದಿನ ಎತ್ತಿಡಿ

"ರೀ, ಈ ಸಲ ಬೆಂಗಳೂರಿಗೆ ಹೋದಾಗ ಮಗಳಿಗೆ ಆರ್ಟ್ ಗ್ಯಾಲರಿ ತೋರಿಸ್ಕೊಂಡು ಬರೋಣ."

"ಗೋಡೆ ಮೇಲಿನ ಚಿತ್ರ ನೋಡಾಕ ಅಷ್ಟು ದೂರ ಹೋಗಬೇಕಾ? ನಮಗೇನು ತಿಳೀತೈತಿ ಅದು!"

ಕೊಟ್ಟೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ನಡೆದ ಮಾತಿದು. ಅವಳ ಮಗಳು ಪಿಯುಸಿ. ಲೆಕ್ಕದ ನೋಟ್‌ಬುಕ್ಕಿನ ಕೊನೇ ಪುಟಗಳಲ್ಲೆಲ್ಲ ಮುಖಗಳನ್ನು ಬಿಡಿಸುವ ಹುಡುಗಿ. ಚಿತ್ರಕಲೆಯನ್ನೇ ಓದ್ತೀನಿ ಅಂತ ಹಟ. ಅಪ್ಪನಿಗೆ ಬಿ.ಕಾಂ. ಆದರೆ ಸಾಕು. ಅಮ್ಮನಿಗೆ ಇಬ್ಬರ ನಡುವೆ ಏನು ಹೇಳಬೇಕೋ ತಿಳಿಯದು, ಏಕೆಂದರೆ ಅವಳೂ ಒಂದು ಗ್ಯಾಲರಿ ಹತ್ತಿದವಳಲ್ಲ.

"ನಮಗೇನು ತಿಳೀತದೆ" ಅನ್ನೋ ಸಂಕೋಚ ಮೊದಲು ಬಿಡಿ. ಹಡಗಲಿ ಕಡೆಯವರಾದರೆ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನು ನೋಡಿರುತ್ತೀರಿ. ಹರಪನಹಳ್ಳಿಯವರಿಗೆ ಬಾಗಳಿಯ ಕಲ್ಲೇಶ್ವರ ಇದ್ದಾನೆ, ಕೂಡ್ಲಿಗಿಯವರಿಗೆ ಅಂಬಳಿ. ಕಂಬದ ನುಣುಪನ್ನೂ ಕಲ್ಲಿನ ಬಳುಕನ್ನೂ ಚಿಕ್ಕಂದಿನಿಂದ ನೋಡಿ ಬೆಳೆದ ಕಣ್ಣು ನಿಮ್ಮದು. ಸೀರೆಯ ಅಂಚಿಗೆ ಹೊಂದುವ ಬ್ಲೌಸ್ ಪೀಸ್ ಹುಡುಕಲು ನಾಲ್ಕು ಅಂಗಡಿ ಸುತ್ತುವವರಿಗೆ ಬಣ್ಣ ತಿಳಿಯೋದಿಲ್ಲ ಅಂದರೆ ಯಾರು ನಂಬ್ತಾರೆ?

ಮಕ್ಕಳು ಚಿಕ್ಕವರಾಗಿದ್ದರೆ ಮೊದಲು ಹತ್ತಿರದಲ್ಲೇ ರೂಢಿ ಮಾಡಿಸಿ. ಹಂಪಿಯ ಪಕ್ಕದ ಕಮಲಾಪುರದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಬೆಳಗ್ಗೆ ಹೊರಟರೆ ಸಂಜೆಗೆ ಮನೆ. ಇಡೀ ಹಂಪಿಯ ಮಾದರಿ, ವೀರಭದ್ರ, ಭೈರವ, ವೀರಗಲ್ಲು, ಮಾಸ್ತಿಕಲ್ಲು ಎಲ್ಲವೂ ಅಲ್ಲಿವೆ. ಶುಕ್ರವಾರ ಮಾತ್ರ ರಜೆ, ನೆನಪಿರಲಿ.

ಇನ್ನು ಬೆಂಗಳೂರು. ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಮೆಜೆಸ್ಟಿಕ್. ಆದರೆ ಯಾವ ವಾರ ಅನ್ನೋದನ್ನು ಮೊದಲೇ ನೋಡಿಕೊಳ್ಳಿ. ನಾನೊಮ್ಮೆ ಸೋಮವಾರ ಹೋಗಿ, ಗೇಟಿನ ಬೀಗ ನೋಡಿಕೊಂಡು ಬಂದವಳು! ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರ ರಜೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಕಾಯಂ ಗ್ಯಾಲರಿಗಳಿಗೆ ಭಾನುವಾರ ಹೋಗುವುದಾದರೆ ಫೋನ್ ಮಾಡಿಯೇ ಹೊರಡಿ. ಮಂಗಳವಾರದಿಂದ ಶನಿವಾರದೊಳಗೆ, ಸರ್ಕಾರಿ ರಜೆಯಲ್ಲದ ದಿನ ಇಟ್ಟುಕೊಂಡರೆ ಎರಡೂ ಒಂದೇ ದಿನಕ್ಕೆ ಆಗುತ್ತವೆ. ಒಂದರಿಂದ ಇನ್ನೊಂದಕ್ಕೆ ಹೆಚ್ಚು ದೂರವಿಲ್ಲ.

ಮೊದಲನೆಯದು ಮಾಣಿಕ್ಯವೇಲು ಮ್ಯಾನ್ಷನ್ ಎಂಬ ಹಳೇ ಬಂಗಲೆ. 2009ರಲ್ಲಿ ಗ್ಯಾಲರಿಯಾಗಿ ತೆರೆಯಿತು. ನಮ್ಮ ಅಜ್ಜಿಯರ ಕಾಲದ ಕ್ಯಾಲೆಂಡರಿನಲ್ಲಿ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ತಂದ ರಾಜಾ ರವಿವರ್ಮ, 28ನೇ ವಯಸ್ಸಿಗೇ ತೀರಿಕೊಂಡ ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಇಂಥವರ ಕೃತಿಗಳು ಈ ಸಂಸ್ಥೆಯ ಸಂಗ್ರಹದಲ್ಲಿವೆ. ಎಲ್ಲವನ್ನೂ ಎಲ್ಲ ಕಾಲಕ್ಕೂ ತೂಗುಹಾಕಿರುವುದಿಲ್ಲ, ಬದಲಾಗುತ್ತಿರುತ್ತವೆ. ಎಲ್ಲ ಚಿತ್ರವನ್ನೂ ಮುಗಿಸಿಯೇ ತೀರಬೇಕು ಅಂತ ಓಡಬೇಡಿ. ಐದೋ ಆರೋ ಚಿತ್ರದ ಮುಂದೆ ನಿಂತು, "ಇವಳು ಯಾಕೆ ಹಿಂಗೆ ಕೂತಿದ್ದಾಳೆ? ಬೆಳಕು ಯಾವ ಕಡೆಯಿಂದ ಬಂದಿದೆ?" ಎಂದು ಮಕ್ಕಳನ್ನೇ ಕೇಳಿ. ಅವರ ಉತ್ತರ ಕೇಳುವುದೇ ಒಂದು ಮಜಾ.

ಪರಿಷತ್ತು ಶುರುವಾದದ್ದು 1960ರಲ್ಲಿ. ನಟಿ ದೇವಿಕಾ ರಾಣಿಯ ಪತಿ, ರಷ್ಯಾದ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳು, ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳು ಇಲ್ಲಿವೆ. ನಮ್ಮ ಕಡೆಯವರು ತಪ್ಪದೆ ನೋಡಬೇಕಾದದ್ದು ತೊಗಲುಗೊಂಬೆಗಳನ್ನು. ಆವರಣದಲ್ಲೇ ಚಿತ್ರಕಲಾ ಕಾಲೇಜೂ ಇದೆ. ಜನವರಿಯ ಚಿತ್ರಸಂತೆ ದಿನ ಬಂದರೆ ರಸ್ತೆ ತುಂಬ ಚಿತ್ರ, ರಸ್ತೆ ತುಂಬ ಜನ. ಕೊಳ್ಳುವುದಿದ್ದರೆ ಅಂದು ಬನ್ನಿ, ಗ್ಯಾಲರಿಯೊಳಗೆ ನಿಧಾನವಾಗಿ ನೋಡುವುದಿದ್ದರೆ ಬೇಡ.

ಹೊರಡುವಾಗ ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ, ನಿಂತೂ ನಿಂತೂ ಕಾಲು ಸೋಲುತ್ತದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಬ್ಯಾಗಿನಲ್ಲಿರಲಿ, ಆದರೆ ಗ್ಯಾಲರಿಯೊಳಗೆ ಬಿಚ್ಚುವಂತಿಲ್ಲ. ಚಿತ್ರವನ್ನು ಮುಟ್ಟಬೇಡಿ. ಫೋಟೋ ತೆಗೆಯುವ ಮುಂಚೆ ಅಲ್ಲಿನವರನ್ನು ಕೇಳಿ. ಚಿತ್ರ ಬಿಡಿಸುವ ಮಕ್ಕಳ ಕೈಗೆ ಪೆನ್ಸಿಲ್, ಸಣ್ಣ ಪುಸ್ತಕ ಕೊಡಿ.

ಅಂದಹಾಗೆ, ಕೊಟ್ಟೂರಿನವರು ಹೋಗಿಬಂದರು, ಗೊಣಗುತ್ತಲೇ ಅಪ್ಪನೂ ಹೋದರು. ಚಿಕ್ಕವರಿದ್ದಾಗ ಊರಿನಲ್ಲಿ ರಾತ್ರಿಯಿಡೀ ಗೊಂಬೆಯಾಟ ನೋಡಿದವರಂತೆ. ತೊಗಲುಗೊಂಬೆಗಳ ಮುಂದೆ ನಿಂತವರನ್ನು ತಾಯಿ, ಮಗಳೇ ಎಳೆದುಕೊಂಡು ಬರಬೇಕಾಯಿತು. ಬರುವಾಗ ಕಾಲೇಜಿನಲ್ಲಿ ಸೀಟು, ಫೀಸು, ಹಾಸ್ಟೆಲ್ ಎಲ್ಲ ವಿಚಾರಿಸಿದ್ದೂ ಅವರೇ. ಬಿ.ಕಾಂ. ಮಾತು ಇನ್ನೂ ಪೂರ್ತಿ ಬಿಟ್ಟಿಲ್ಲ. ಮಗಳು ಮಾತ್ರ ಅಪ್ಪ ಗೊಂಬೆ ನೋಡುತ್ತ ನಿಂತ ಚಿತ್ರ ಬಿಡಿಸಿ, ನನಗೂ ತೋರಿಸಿದಳು.