ಚಟ ಬಿಡಿಸುವ ಬಹುಮಾನ

ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ತೂಗುವಾಗ ಬಲದಷ್ಟೇ ಸಮಯವೂ ಮುಖ್ಯ. ಉಯ್ಯಾಲೆ ಮುಂದಕ್ಕೆ ಹೊರಟ ಕ್ಷಣದಲ್ಲಿ ಮೆಲ್ಲನೆ ತಟ್ಟಿದರೂ ತೂಗಾಟ ಬೆಳೆಯುತ್ತದೆ. ಅದು ನಮ್ಮೆಡೆಗೆ ಬರುತ್ತಿರುವಾಗ ಬಲವಾಗಿ ನೂಕಿದರೆ ನಿಂತೇ ಹೋಗಬಹುದು. ದುಶ್ಚಟವನ್ನು ಬಿಡಿಸುವ ಒಂದು ಚಿಕಿತ್ಸೆಯಲ್ಲಿಯೂ ಸಮಯಕ್ಕೆ ಇಂಥದೇ ಮಹತ್ವವಿದೆ.

ಕುಡಿತದ ಸುಖ ನಿಮಿಷಗಳಲ್ಲಿ ದೊರೆಯುತ್ತದೆ. ಕುಡಿಯದಿರುವುದರ ಫಲಗಳಾದ ಆರೋಗ್ಯ, ಮನೆಯ ನೆಮ್ಮದಿ, ಸಾಲದ ಬಿಡುಗಡೆ ಇವೆಲ್ಲ ತಿಂಗಳುಗಳ ಆಚೆಗಿವೆ. ಗುಬ್ಬಿಯಿಂದಲೋ ಕುಣಿಗಲಿನಿಂದಲೋ ತುಮಕೂರಿನ ಆಸ್ಪತ್ರೆಗೆ ಬಂದು, ಮದ್ಯವನ್ನು ಬಿಟ್ಟು ಊರಿಗೆ ಮರಳಿದವನು ಅದೇ ಹಾದಿಯಲ್ಲಿ, ಅದೇ ಅಂಗಡಿಯ ಮುಂದೆ ನಡೆಯಬೇಕು. ಹತ್ತಿರದ ಸಣ್ಣ ಲಾಭವು ದೂರದ ದೊಡ್ಡ ಲಾಭವನ್ನು ಮರೆಮಾಡುತ್ತದೆ. ಹಾಗಾದರೆ ಚಟವನ್ನು ಬಿಟ್ಟುದರ ಲಾಭವನ್ನೂ ಹತ್ತಿರಕ್ಕೆ ತರಬಾರದೇಕೆ?

ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾನಿಲಯದ ಸ್ಟೀಫನ್ ಹಿಗ್ಗಿನ್ಸ್ ಮತ್ತು ಸಂಗಡಿಗರು ಕೊಕೇನ್ ವ್ಯಸನಿಗಳಲ್ಲಿ ಇದನ್ನು ಪರೀಕ್ಷಿಸಿ, 1991ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೂತ್ರಪರೀಕ್ಷೆಯಲ್ಲಿ ಮಾದಕದ ಸುಳಿವಿಲ್ಲದಿದ್ದರೆ ರೋಗಿಗೆ ಒಂದು ಚೀಟಿ ಸಲ್ಲುತ್ತದೆ. ಅದು ಹಣವಲ್ಲ, ಉಪಯುಕ್ತ ವಸ್ತುಗಳಿಗೆ ವಿನಿಮಯವಾಗತಕ್ಕದ್ದು. ಸತತವಾಗಿ ಸಂಯಮದಿಂದಿದ್ದಷ್ಟೂ ಚೀಟಿಯ ಬೆಲೆ ಏರುತ್ತದೆ. ತಪ್ಪಿದರೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಖರ್ಚನ್ನು ತಗ್ಗಿಸಲು ಕನೆಕ್ಟಿಕಟ್ಟಿನ ನ್ಯಾನ್ಸಿ ಪೆಟ್ರಿ ಎಂಬ ವಿಜ್ಞಾನಿ ಬೋಗುಣಿಯಿಂದ ಚೀಟಿ ಎತ್ತುವ ಕ್ರಮವನ್ನು ತಂದರು. ಹಲವು ಚೀಟಿಗಳಲ್ಲಿ ಶಹಭಾಸ್ ಮಾತ್ರ, ಕೆಲವುಗಳಲ್ಲಿ ಸಣ್ಣ ವಸ್ತು, ಅಪರೂಪಕ್ಕೆ ದೊಡ್ಡ ಬಹುಮಾನ. 2000ರಲ್ಲಿ ಪ್ರಕಟವಾದ 42 ಮದ್ಯವ್ಯಸನಿಗಳ ಅಧ್ಯಯನದಲ್ಲಿ, ಎಂಟು ವಾರಗಳ ಕಾಲ ಚಿಕಿತ್ಸೆಯಲ್ಲಿ ಉಳಿದವರು ಬಹುಮಾನದ ಗುಂಪಿನಲ್ಲಿ ಶೇಕಡ 84, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಶೇಕಡ 22.

ಆದರೆ ಬಹುಮಾನವು ತಾನಾಗಿ ಕೆಲಸ ಮಾಡುವುದಿಲ್ಲ; ಅದನ್ನು ಕೊಡುವ ದಾದಿಯೋ ಆಪ್ತಸಮಾಲೋಚಕನೋ ನಿಯಮವನ್ನು ಪಾಲಿಸಬೇಕು. ಅವರ ಮೊದಲ ಸಂಶಯ, “ಇದು ಲಂಚವಲ್ಲವೆ?” ಎಂಬುದು. ಲಂಚವು ಅನುಚಿತ ಕಾರ್ಯಕ್ಕೆ ಗುಟ್ಟಾಗಿ ಕೊಡುವಂಥದು. ಇದು ಹಿತವಾದ ನಡತೆಗೆ, ಅಳೆದು ನೋಡಿ, ಎಲ್ಲರಿಗೂ ತಿಳಿದ ನಿಯಮದಂತೆ ಸಲ್ಲುವಂಥದು. ಎರಡನೆಯ ತೊಡಕು ಕರುಣೆ. ಪರೀಕ್ಷೆಯಲ್ಲಿ ತಪ್ಪಿದವನಿಗೂ “ಪಾಪ” ಎಂದು ಚೀಟಿ ಕೊಟ್ಟರೆ, ಅಥವಾ ಗೆದ್ದವನಿಗೆ “ಮುಂದಿನ ವಾರ ಬಾ” ಎಂದರೆ, ನಡತೆಗೂ ಫಲಕ್ಕೂ ಇರಬೇಕಾದ ಕೊಂಡಿ ಕಳಚುತ್ತದೆ. ಮೂರನೆಯದು ಅಳತೆ. ಉಸಿರಿನಲ್ಲಿ ಮದ್ಯದ ಸುಳಿವು ಕೆಲವು ಗಂಟೆಗಳಲ್ಲಿ ಮಾಯವಾಗುವುದರಿಂದ ಉಸಿರಿನ ಪರೀಕ್ಷೆಯನ್ನು ಮತ್ತೆ ಮತ್ತೆ ನಡೆಸಬೇಕು.

ಇವನ್ನೆಲ್ಲ ಒಂದು ದಿನದ ಉಪನ್ಯಾಸದಿಂದ ಕಲಿಸಲಾಗದು. ಸಿಬ್ಬಂದಿ ಅಭ್ಯಾಸ ಮಾಡಬೇಕು; ಅನುಭವಿಗಳು ಅದನ್ನು ಗಮನಿಸಿ ತಿದ್ದಬೇಕು; ತೊಡಕು ಬಂದಾಗ ಕೇಳಲು ಒಬ್ಬರಿರಬೇಕು. ಅಮೆರಿಕದ ಮಾಜಿ ಯೋಧರ ಆಸ್ಪತ್ರೆಗಳಲ್ಲಿ 2011ರಿಂದ ಈ ಚಿಕಿತ್ಸೆಯನ್ನು ಹರಡಿದಾಗ, ತರಬೇತಿಯ ಬಳಿಕವೂ ಇಂಥ ಮಾರ್ಗದರ್ಶನವನ್ನು ಮುಂದುವರಿಸಿದರು. ನಮ್ಮಲ್ಲಿಯೂ ಇದಕ್ಕೆ ದಾರಿಯಿದೆ. ದೂರದ ಊರುಗಳ ಚಿಕಿತ್ಸಕರೊಡನೆ ವಿಡಿಯೊ ಮೂಲಕ ರೋಗಿಗಳ ವಿಷಯವನ್ನು ಚರ್ಚಿಸಿ ಕಲಿಸುವ ಕ್ರಮವನ್ನು ಬೆಂಗಳೂರಿನ ನಿಮ್ಹಾನ್ಸ್ 2014ರ ಹೊತ್ತಿಗೇ ಆರಂಭಿಸಿತ್ತು. ಗುಬ್ಬಿ, ಕುಣಿಗಲ್‌ಗಳ ತಾಲ್ಲೂಕು ಆಸ್ಪತ್ರೆಗಳಿಗೂ ಇಂಥ ಆಸರೆ ಒದಗಬಲ್ಲುದು.

ಬಹುಮಾನ ನಿಂತ ಮೇಲೆ ಅದರ ಪ್ರಭಾವ ಕ್ರಮೇಣ ಕುಗ್ಗುವುದುಂಟು. ಆದುದರಿಂದ ಚೀಟಿಗಳು ಗಳಿಸಿಕೊಡುವ ಆ ಕೆಲವು ವಾರಗಳಲ್ಲಿಯೇ ರೋಗಿಗೆ ಕೆಲಸ, ಕುಟುಂಬ, ಗೆಳೆತನಗಳ ನಂಟು ಮರಳಿ ಬೆಸೆಯಬೇಕು. ಆ ಅವಕಾಶವನ್ನು ಕಂಡು ಬಳಸಿಕೊಳ್ಳಬಲ್ಲವರು ಆಸ್ಪತ್ರೆಯ ಸಿಬ್ಬಂದಿಯೇ. ಅವರನ್ನು ಸಿದ್ಧಗೊಳಿಸುವುದೂ ಚಿಕಿತ್ಸೆಯ ಒಂದು ಭಾಗವೇ ಸರಿ.