ಕೊಬ್ಬರಿ ಅಟ್ಟದ ಕೆಳಗಿನ ಯೆಜ್ಡಿ

ಮಕ್ಕಳೇ, ಮೊದಲು ಒಂದು ಒಗಟು. ಹೊಟ್ಟೆ ಒಂದು, ಬಾಲ ಎರಡು. ಕಡ್ಡಿ ಒಂದು, ಕೆಲಸ ಎರಡು. ಏನದು?

ಗೊತ್ತಾಗದಿದ್ದರೆ ತಾತನನ್ನು ಕೇಳಿ. ಜಾವಾ, ಇಲ್ಲವೇ ಯೆಜ್ಡಿ ಎಂದು ತಟ್ಟನೆ ಹೇಳಿಬಿಡುತ್ತಾರೆ. ಈ ಮೋಟಾರ್ ಸೈಕಲ್ಲಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಬದಲಿಸುವ ಕಡ್ಡಿ. ಎಡಗಾಲಿನ ಬಳಿಯ ಆ ಕಡ್ಡಿಯನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಆಗುತ್ತಿತ್ತು. ಗಾಡಿ ಶುರುವಾದ ಮೇಲೆ ಮುಂದಕ್ಕೆ ತಂದರೆ ಗೇರ್ ಆಗುತ್ತಿತ್ತು.

ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆಯ ತೋಟದ ಮನೆಗಳಲ್ಲಿ ಇಂಥ ಗಾಡಿ ಇದ್ದರೆ ಅದರ ಜಾಗ ಸಾಮಾನ್ಯವಾಗಿ ಕೊಬ್ಬರಿ ಅಟ್ಟದ ಕೆಳಗೆ. ಮೇಲೆ ಗೋಣಿಚೀಲ, ಸೀಟಿನೊಳಗೆ ಇಲಿಯ ಸಂಸಾರ. ಯಾವಾಗಲೋ ರಿಪೇರಿಗೆಂದು ಅರ್ಧ ಬಿಚ್ಚಿರುತ್ತಾರೆ. ನಟ್ಟು, ಬೋಲ್ಟು ಬಿಸ್ಕತ್ ಡಬ್ಬಿಯಲ್ಲಿ. “ಬರೋ ಯುಗಾದಿ ಹೊತ್ತಿಗೆ ರೆಡಿ ಮಾಡಿಸಾಣ” ಎಂದು ಹೇಳಿದ ಮೇಲೆ ಎಷ್ಟೋ ಯುಗಾದಿ ಬಂದು ಹೋಗಿರುತ್ತವೆ.

ಹೀಗೆ ನಿಂತ ಕೆಲಸಕ್ಕೆ ಮತ್ತೆ ಕೈಹಾಕುವುದು ಹೇಗೆ? ಅದನ್ನೇ ಈ ವಾರ ನೋಡೋಣ.

ಅಲ್ಲಿ ಕಾರು, ಇಲ್ಲಿ ಬೈಕು

ಅಮೆರಿಕದಲ್ಲಿ ಇದೇ ಕಥೆ ಕಾರುಗಳದ್ದು. 1964ರಲ್ಲಿ ಅಲ್ಲಿ ಪಾಂಟಿಯಾಕ್ ಜಿಟಿಒ ಎಂಬ ಕಾರು ಬಂತು. ಮಧ್ಯಮ ಗಾತ್ರದ ಮೈಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಕೂರಿಸಿದ್ದರು. ಇಂಥ ಕಾರುಗಳಿಗೆ ‘ಮಸಲ್ ಕಾರ್’, ಅಂದರೆ ಕಸುವಿನ ಕಾರು ಎಂಬ ಹೆಸರು ಬಿತ್ತು. 1973ರಲ್ಲಿ ಪೆಟ್ರೋಲಿಗೆ ಬರ ಬಂದಾಗ ಅವುಗಳ ಹೊಟ್ಟೆ ತುಂಬಿಸುವುದು ಕಷ್ಟವಾಯಿತು. ಎಷ್ಟೋ ಕಾರುಗಳು ಹುಲ್ಲಿನ ಕೊಟ್ಟಿಗೆ ಸೇರಿದವು. ಅವನ್ನು ಹುಡುಕಿ ತೆಗೆದು, ವರ್ಷಗಟ್ಟಲೆ ಕೂತು ಸರಿಮಾಡುವವರು ಅಲ್ಲಿ ಇಂದಿಗೂ ಇದ್ದಾರೆ.

ನಮ್ಮಲ್ಲಿ ಆಗ ಮನೆಗೊಂದು ಕಾರು ಎಲ್ಲಿಯದು? ಕಸುವಿನ ಗಾಡಿ ಎಂದರೆ ಬೈಕೇ. ಅದೂ ನಮ್ಮ ಮೈಸೂರಿನಲ್ಲೇ ತಯಾರಾದದ್ದು.

ಯಾವಾ ಹೋಗಿ ಜಾವಾ

ಜಾವಾದ ಮೂಲ ಅಂದಿನ ಜೆಕೊಸ್ಲೊವಾಕಿಯಾ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡುಕೊಂಡರು. ಯಾನೆಚೆಕ್‌ನ ‘ಯಾ’, ವಾಂಡರರ್‌ನ ‘ವಾ’ ಸೇರಿ ‘ಯಾವಾ’ ಆಯಿತು. ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಓದಿದ ನಮ್ಮ ಬಾಯಲ್ಲಿ ಅದು ಜಾವಾ.

ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1973ರಿಂದ ಗಾಡಿಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂತು. ಇರಾನ್ ದೇಶದ ಯಜ್ದ್ ಎಂಬ ಊರಿನಿಂದ ಬಂದ ಹೆಸರದು. 1978ರಲ್ಲಿ ಬಂದ ರೋಡ್‌ಕಿಂಗ್ ಎಂಬ ಮಾದರಿಯನ್ನು ನಿಮ್ಮ ತಾತ ಈಗಲೂ ಕಣ್ಣರಳಿಸಿ ನೆನೆಯಬಹುದು.

ಈ ಗಾಡಿಗಳ ಸಿಲಿಂಡರಿನ ಅಳತೆ ಸುಮಾರು 250 ಸಿ.ಸಿ. ಒಂದು ಲೀಟರಿಗೆ 1000 ಸಿ.ಸಿ. ಅಂದರೆ ಕಾಲು ಲೀಟರ್, ಒಂದು ದೊಡ್ಡ ಲೋಟ! ಎಂಜಿನ್ ‘ಟೂ ಸ್ಟ್ರೋಕ್’ ಜಾತಿಯದು. ಈಗಿನ ಬೈಕುಗಳ ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಒಮ್ಮೆ ಕಿಡಿ ಹೊತ್ತಿ ಪಿಸ್ಟನ್ನಿಗೆ ನೂಕು ಸಿಗುತ್ತದೆ. ಟೂ ಸ್ಟ್ರೋಕಿನಲ್ಲಿ ಸುತ್ತಿಗೊಂದು ನೂಕು. ಆ ವಿಶಿಷ್ಟ ಸದ್ದು ಬರುವುದು ಅದರಿಂದಲೇ. ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ನೀಲಿ ಹೊಗೆಗೆ ಕಾರಣ ಆ ಎಣ್ಣೆ.

1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂತು. ಎಣ್ಣೆ ಬೆರೆಸುವ ಗೋಜಿಲ್ಲ, ಲೀಟರಿಗೆ ಎರಡು ಪಟ್ಟು ದೂರ ಓಡುತ್ತದೆ ಎಂದಮೇಲೆ ಜನ ಅತ್ತ ತಿರುಗಿದರು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಹೊಸ ಬಿಡಿಭಾಗ ಬರುವುದು ನಿಂತಿತು. ಅರ್ಧ ಬಿಚ್ಚಿದ ಎಷ್ಟೋ ಗಾಡಿಗಳು ಅಟ್ಟದ ಕೆಳಗೇ ಉಳಿಯಲು ಇದೂ ಒಂದು ಕಾರಣ. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಪೇಟೆಗೆ ಬಂದಿದೆ ನಿಜ. ಆದರೆ ಅದು ನಾಲ್ಕು ಸ್ಟ್ರೋಕಿನದು. ಅದರ ಎಂಜಿನ್ ಸಾಮಾನು ಹಳೆಯದಕ್ಕೆ ಹೊಂದುವುದಿಲ್ಲ.

ಮೊದಲು ಪುಸ್ತಕ, ಆಮೇಲೆ ಪಾನಾ

ನಿಂತ ಕೆಲಸಕ್ಕೆ ಮರಳುವವರು ಮಾಡುವ ಮೊದಲ ಅವಸರ ಎಂದರೆ ಗೋಣಿಚೀಲ ಸರಿಸಿ ನಾಲ್ಕು ಕಿಕ್ ಹೊಡೆಯುವುದು. ಬೇಡ! ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ಜೋರು ಮಾಡಿದರೆ ಇರುವುದೂ ಮುರಿಯುತ್ತದೆ.

ಮೊದಲು ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಮೂರು ಕಾಲಂ ಎಳೆಯಿರಿ: ಇದೆ, ಇಲ್ಲ, ಗೊತ್ತಿಲ್ಲ. ಬಿಸ್ಕತ್ ಡಬ್ಬಿಯನ್ನು ಹಳೆ ಪಂಚೆಯ ಮೇಲೆ ಸುರಿದು ಒಂದೊಂದೇ ಎಣಿಸಿ ಬರೆಯಿರಿ. ಇದು ಮಕ್ಕಳ ಕೆಲಸ. ಯಾವುದು ಏನೆಂದು ಹೇಳುವುದು ತಾತನ ಕೆಲಸ. ಇನ್ನು ಮುಂದೆ ಏನೇ ಬಿಚ್ಚಿದರೂ ಮೊದಲು ಮೊಬೈಲಿನಲ್ಲಿ ಫೋಟೊ, ಆಮೇಲೆ ಚೀಟಿ ಅಂಟಿಸಿದ ಬೇರೆ ಬೇರೆ ಪೊಟ್ಟಣ. ಅರ್ಧಕ್ಕೆ ನಿಂತ ಕೆಲಸಕ್ಕೆ ದೊಡ್ಡ ಶತ್ರು ತುಕ್ಕಲ್ಲ, ‘ಇದು ಎಲ್ಲಿಯ ಬೋಲ್ಟು?’ ಎಂಬ ಪ್ರಶ್ನೆ.

ಅಜ್ಜಿಯದೂ ಒಂದು ಮುಖ್ಯ ಪಾತ್ರವಿದೆ. ಮದುವೆಯಾದ ಹೊಸತರಲ್ಲಿ ಗಾಡಿಯ ಮೇಲೆ ಕೂತು ತೆಗೆಸಿಕೊಂಡ ಫೋಟೊ ಬೀರುವಿನಲ್ಲಿ ಇದ್ದೀತು. ಟ್ಯಾಂಕಿನ ಬಣ್ಣ, ಹ್ಯಾಂಡಲಿನ ಆಕಾರ, ಕನ್ನಡಿ, ದೀಪ ಮೊದಲು ಹೇಗಿದ್ದವು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಎಡೆಯೂರು ಜಾತ್ರೆಗೆ ಹೋಗುವಾಗ ಎಲ್ಲಿ ಕೈಕೊಟ್ಟಿತ್ತು, ಯಾರು ಸರಿಮಾಡಿದರು ಎಂಬುದೂ ಅಜ್ಜಿಗೇ ಹೆಚ್ಚು ನೆನಪಿರುತ್ತದೆ. ಅದನ್ನೂ ಬರೆದುಕೊಳ್ಳಿ.

ಒಂದೊಂದೇ ಹೆಜ್ಜೆ

ಮುಂದಿನದು ಬಲ್ಲ ಮೆಕ್ಯಾನಿಕ್ ಜೊತೆಗಿದ್ದು ಮಾಡುವ ಕೆಲಸ.

ಎಂಜಿನ್: ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಸ್ವಲ್ಪ ತೆಳು ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡುತ್ತಾರೆ. ಆಮೇಲೆ ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಆಚೀಚೆ ಆಡಿಸುತ್ತಾರೆ. ಸಡಿಲವಾದರೆ ಸರಿ. ಇಲ್ಲದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು.

ಸೀಲುಗಳು: ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು ನಿಂತಲ್ಲೇ ಗಟ್ಟಿಯಾಗಿ ಬಿರಿಯುತ್ತವೆ. ಆಗ ಎಂಜಿನ್ ಬೇಡದ ಗಾಳಿ ಎಳೆದುಕೊಂಡು ವಿಪರೀತ ಕಾಯುತ್ತದೆ. ನೋಡಲು ಚೆನ್ನಾಗಿದ್ದರೂ ಹಳೆಯದನ್ನು ಬದಲಿಸುವುದೇ ಲೇಸು.

ಪೆಟ್ರೋಲಿನ ದಾರಿ: ಟ್ಯಾಂಕಿನ ತುಕ್ಕು ತೆಗೆದು, ಕಾರ್ಬುರೇಟರ್ ಬಿಚ್ಚಿ ತೊಳೆಯಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆ ರಬ್ಬರಿಗೂ ಒಗ್ಗದು. ಅದನ್ನು ತಡೆಯುವ ಹೊಸ ಪೈಪನ್ನೇ ಹಾಕಿಸಿ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ.

ಕರೆಂಟು: ಇಲಿ ಕಡಿದ ವೈರುಗಳಿಗೆ ತೇಪೆ ಹಾಕುವ ಬದಲು ಹೊಸದು ಎಳೆಸಿ. ಬ್ಯಾಟರಿ ಕೊಳ್ಳುವ ಮುನ್ನ ನಿಮ್ಮದು 6 ವೋಲ್ಟಿನ ಗಾಡಿಯೋ 12 ವೋಲ್ಟಿನದೋ ಎಂದು ನೋಡಿ.

ಬ್ರೇಕು, ಟೈರು, ಕೇಬಲ್ಲು: ಓಡುವ ಯೋಚನೆಗಿಂತ ನಿಲ್ಲುವ ಯೋಚನೆ ಮೊದಲು.

ಬಣ್ಣ: ಎಲ್ಲಕ್ಕಿಂತ ಕೊನೆಗೆ. ಹೊಳಪಿಗೆ ಮೊದಲೇ ದುಡ್ಡು ಸುರಿದರೆ ಎಂಜಿನ್ನಿಗೆ ಉಳಿಯುವುದಿಲ್ಲ. ಕೆಲಸ ಮತ್ತೆ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಅಟ್ಟದ ಕೆಳಗೆ ಗಾಡಿ ಶುರು ಮಾಡಬಾರದು. ಮಟ್ಟೆ, ನಾರು, ಒಣಕಾಯಿ ಇರುವ ಕಡೆ ಒಂದು ಕಿಡಿ ಸಾಕು. ಹೊಗೆಯೂ ಉಸಿರಿಗೆ ಕೆಟ್ಟದ್ದು. ಗಾಡಿಯನ್ನು ಬಯಲಿಗೆ ತಳ್ಳಿಕೊಂಡು ಹೋಗಿ. ಪೆಟ್ರೋಲ್ ಮುಟ್ಟುವ ಕೆಲಸ ದೊಡ್ಡವರದು. ಹಳೆ ಟ್ಯಾಂಕಿಗೆ ಮನೆಯಲ್ಲಿ ಬೆಸುಗೆ ಹಾಕುವ ಸಾಹಸವಂತೂ ಕೂಡದು.

ಕಾಗದವೂ ಓಡಬೇಕು

ಎಂಜಿನ್ ಓಡಿದರಷ್ಟೇ ಸಾಲದು. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆರ್‌ಸಿ ಪುಸ್ತಕ ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂದು ಸಾಮಾನಿಗೆ ಖರ್ಚು ಮಾಡುವ ಮೊದಲೇ ಹುಡುಕಿ, ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಎಂಜಿನ್ ಮತ್ತು ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗಬೇಕು. ಆ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ. ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುತ್ತೀರಲ್ಲ, ಹಾಗೆಯೇ.

50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಂಟೇಜ್’ ನೋಂದಣಿಯ ನಿಯಮ ತಂದಿದೆ. ಅವುಗಳ ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. ಪ್ರದರ್ಶನಕ್ಕೆ, ರ್‍ಯಾಲಿಗೆ ಒಯ್ಯಬಹುದು, ದಿನನಿತ್ಯ ಓಡಿಸುವಂತಿಲ್ಲ. ತೋಟಕ್ಕೆ, ಸಂತೆಗೆ ಓಡಿಸುವ ಆಸೆ ಇದ್ದರೆ ಮಾಮೂಲಿ ನವೀಕರಣವೇ ಸರಿ. ಯಾವುದು ಬೇಕೆಂದು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿ.

ಕಿವಿಯ ವಿದ್ಯೆ

ಕಾಯಿ ಕೊಬ್ಬರಿಯಾಗಲು ಅಟ್ಟದ ಮೇಲೆ ಸುಮಾರು ಒಂದು ವರ್ಷ ಕಾಯಬೇಕು. ಒಳಗಿನ ನೀರು ಇಂಗಿತೇ ಎಂದು ತಾತ ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಿಟುಕು ಚಿಪ್ಪು ಬಿಟ್ಟು ಕುಣಿಯುವ ಸದ್ದು ಬಂದರೆ ಆಯಿತು. ಯೆಜ್ಡಿಯನ್ನೂ ಅದೇ ಕಿವಿ ಬಲ್ಲದು. ಪಾಯಿಂಟಿನ ಸಂದು ಹೆಚ್ಚಾಗಿದೆಯೇ, ಎಣ್ಣೆ ಕಡಿಮೆಯಾಗಿದೆಯೇ ಎಂದು ಸದ್ದಿನಲ್ಲೇ ಹೇಳುವ ಮೆಕ್ಯಾನಿಕ್‌ಗಳಿದ್ದರು. ಆ ವಿದ್ಯೆ ಯಾವ ಕೈಪಿಡಿಯಲ್ಲೂ ಪೂರ್ತಿ ಸಿಗುವುದಿಲ್ಲ.

ಒಂದು ಲೆಕ್ಕ ಹಾಕಿ. 1961ರಲ್ಲಿ 20 ವರ್ಷದ ಹುಡುಗನಾಗಿ ಆ ಕಾರ್ಖಾನೆಗೆ ಸೇರಿದವರಿಗೆ ಈಗ 80 ದಾಟಿದೆ. ಕಾರ್ಖಾನೆ ಮುಚ್ಚಿದಾಗ 25 ವರ್ಷದವರಾಗಿದ್ದವರಿಗೂ 50 ದಾಟಿದೆ. ಬಿಡಿಭಾಗ ಇವತ್ತು ಸಿಗದಿದ್ದರೆ ಮುಂದಿನ ವರ್ಷ ಸಿಕ್ಕೀತು, ಲೇತ್‌ನವರಿಗೆ ಹೇಳಿ ಹೊಸದಾಗಿ ಕಡೆಸಲೂಬಹುದು. ಗಾಡಿ ಇನ್ನೂ ಹತ್ತು ವರ್ಷ ಗೋಣಿಚೀಲ ಹೊದ್ದು ನಿಂತೀತು. ಅದನ್ನು ಬಲ್ಲವರು ಅಷ್ಟು ದಿನ ಕಾಯಲಾರರು. ತಾತ ಅಜ್ಜಿಯರೇ, ‘ಇನ್ನು ಯಾಕೆ ಬಿಡು’ ಎನ್ನಬೇಡಿ. ಪಾನಾ ಹಿಡಿಯಲು ಕೈ ನಡುಗಿದರೆ ಮೊಮ್ಮಗಳ ಕೈಗೆ ಕೊಡಿ, ನೀವು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳುತ್ತಾ ಹೋಗಿ.

ನಿಮ್ಮ ಮನೆಯಲ್ಲಿ ಇಂಥ ಗಾಡಿ ಇಲ್ಲವೇ? ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ಪ್ರಿಯರು ಹಲವು ಊರುಗಳಲ್ಲಿ ಗಾಡಿ ತಂದು ಸೇರುತ್ತಾರೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲೂ ಹಳೆ ಕಾರುಗಳ ಸಾಲನ್ನೇ ನೋಡಬಹುದು.

ಕೊನೆಗೆ ನೋಟ್ ಪುಸ್ತಕದ ಮೊದಲ ಪುಟಕ್ಕೆ ಒಂದು ಲೆಕ್ಕ: 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ ಬೆರೆಸುವುದಾದರೆ 3 ಲೀಟರ್ ಪೆಟ್ರೋಲಿಗೆ ಎಷ್ಟು ಮಿಲಿಲೀಟರ್ ಎಣ್ಣೆ ಬೇಕು? ಉತ್ತರವನ್ನು ತಾತನಿಗೆ ತೋರಿಸಿ. “ನಮ್ಮ ಗಾಡಿಗೆ ಎಷ್ಟು ಹಾಕ್ತಿದ್ರಿ ತಾತ?” ಎಂದು ಕೇಳಿ, ಅವರು ಹೇಳಿದ್ದನ್ನು ಅದರ ಕೆಳಗೆ ಬರೆದುಕೊಳ್ಳಿ.