ಮಗುವಿನ ಪರವಾಗಿ ಆಡಬೇಕಾದ ಮಾತು

ಐದನೆಯ ತರಗತಿಯ ಬಾಲಕನೊಬ್ಬನು ಹದಿನಾರರವರೆಗಿನ ಮಗ್ಗಿಯನ್ನು ತಡವರಿಸದೆ ಒಪ್ಪಿಸಬಲ್ಲವನೂ, ಕೇಳಿದ ಕಥೆಯನ್ನು ಒಂದೆಳೆಯೂ ತಪ್ಪದಂತೆ ಮರಳಿ ಹೇಳಬಲ್ಲವನೂ ಆಗಿದ್ದರೂ, ಬರೆಯಲು ಕುಳಿತೊಡನೆ ಮಾತ್ರ ಒತ್ತಕ್ಷರಗಳು ಸ್ಥಾನಪಲ್ಲಟಗೊಂಡು, ಸಾಲುಗಳು ಓರೆಯಾಗಿ, ಅರ್ಧ ಪುಟ ತುಂಬುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತದೆ. ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ‘ಅಲಕ್ಷ್ಯ’ ಎಂದು ಬರೆದು ಪುಸ್ತಕವನ್ನು ಹಿಂದಿರುಗಿಸುತ್ತಾರೆ. ನಮ್ಮ ಶಾಲೆಗಳಲ್ಲಿ ಇದು ಅಪೂರ್ವ ಸಂಗತಿಯೇನಲ್ಲ. ವೈದ್ಯರು ಡಿಸ್‌ಲೆಕ್ಸಿಯಾ, ಡಿಸ್‌ಗ್ರಾಫಿಯಾ ಎಂದು ಕರೆಯುವ ಕಲಿಕಾ ನ್ಯೂನತೆ ಆ ಬಾಲಕನಿಗೆ ಇರಬಹುದೆಂಬ ಶಂಕೆ ಉಪಾಧ್ಯಾಯರಿಗಾಗಲಿ ತಂದೆತಾಯಿಗಳಿಗಾಗಲಿ ಬರುವ ವೇಳೆಗೆ ‘ದಡ್ಡ’ ಎಂಬ ಬಿರುದು ಊರಿಗೆಲ್ಲ ತಿಳಿದಿರುತ್ತದೆ.

ವಿಕಲತೆಯುಳ್ಳ ಮಕ್ಕಳ ಶಿಕ್ಷಣವನ್ನು ಕುರಿತ ಕಾಳಜಿ ನಮ್ಮಲ್ಲಿ ಹೊಸತಲ್ಲ. ಮೈಸೂರಿನಲ್ಲಿ ಕಿವುಡ ಹಾಗೂ ಕುರುಡ ಮಕ್ಕಳಿಗಾಗಿ 1901ರಲ್ಲಿಯೇ ಶಾಲೆಯೊಂದು ಆರಂಭವಾಗಿತ್ತು. ಆದರೆ ಇಂಥ ಕಾಳಜಿಗೆ ದೀರ್ಘಕಾಲ ಆಧಾರವಾಗಿದ್ದುದು ಹೆಚ್ಚಾಗಿ ಔದಾರ್ಯ. ಔದಾರ್ಯವು ಎಷ್ಟೇ ಶ್ಲಾಘ್ಯವಾದರೂ ಕೊಡುವವರ ಇಚ್ಛೆಯನ್ನು ಅವಲಂಬಿಸಿದುದರಿಂದ, ಅದು ನಿಂತುಹೋದಾಗ ಪಡೆಯುವವರು ಪ್ರಶ್ನಿಸುವಂತಿಲ್ಲ. 2017ರ ಏಪ್ರಿಲಿನಲ್ಲಿ ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಈ ಸಂಬಂಧವನ್ನೇ ಬದಲಿಸಿತು. 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿದ್ದರೆ, ಹೊಸ ಕಾಯಿದೆ ಕಲಿಕಾ ನ್ಯೂನತೆಯನ್ನೂ ಆಟಿಸಮ್ಮನ್ನೂ ಒಳಗೊಂಡು 21 ಬಗೆಗಳನ್ನು ಅಂಗೀಕರಿಸಿತು. ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ, ನೆರೆಯ ಶಾಲೆಯಲ್ಲಾಗಲಿ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ, ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಕಲಿಕಾ ನ್ಯೂನತೆಗಳನ್ನು ಆದಷ್ಟು ಬೇಗ ಗುರುತಿಸಿ, ಅವಕ್ಕೆ ತಕ್ಕ ಬೋಧನಕ್ರಮವನ್ನು ಅನುಸರಿಸುವುದು ವಿದ್ಯಾಸಂಸ್ಥೆಗಳ ಕರ್ತವ್ಯವೆಂದೂ ಆ ಕಾಯಿದೆಯೇ ಹೇಳುತ್ತದೆ. ಮೇಲೆ ಹೇಳಿದ ಕೆಂಪು ಶಾಯಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ, ಉತ್ತರ ಬರೆದುಕೊಡುವ ಲಿಪಿಕಾರ, ಎರಡನೆಯ ಹಾಗೂ ಮೂರನೆಯ ಭಾಷೆಗಳಿಂದ ವಿನಾಯಿತಿ, ಇವೂ ಕಾಯಿದೆಯ ಮಾತುಗಳೇ. ಇವನ್ನು ಕೇಳಿದಾಗ, ಉಳಿದ ಮಕ್ಕಳಿಗೆ ಇದರಿಂದ ಅನ್ಯಾಯವಾಗುವುದಿಲ್ಲವೆ ಎಂದು ಆಕ್ಷೇಪಿಸುವವರುಂಟು. ಕನ್ನಡಕ ಹಾಕಿಕೊಂಡವನಿಂದ ಬರಿಗಣ್ಣಿನವನಿಗೆ ಅನ್ಯಾಯವಾಯಿತೆಂದು ಇದುವರೆಗೆ ಯಾರೂ ದೂರಿದ್ದಿಲ್ಲ. ಬರೆಯುವಾಗ ಕೈ ಸೆಡೆತುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಲಿಪಿಕಾರನನ್ನು ನಿರಾಕರಿಸಿದ್ದ ಪ್ರಕರಣದಲ್ಲಿ, 2021ರ ಫೆಬ್ರವರಿಯಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಈ ಸೌಲಭ್ಯವನ್ನು ಶೇಕಡ 40ರ ಗಡಿಗೆ ಕಟ್ಟಿಹಾಕಲಾಗದೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿ, ಪ್ರಾಥಮಿಕ ಹಂತದಲ್ಲಿ ವಿಕಲತೆಯುಳ್ಳ ಹತ್ತು ಮಕ್ಕಳಿಗೂ ಅದರ ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೂ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಸೂಚಿಸಿತು.

ಹಕ್ಕು ಇಷ್ಟು ವಿಶದವಾಗಿದ್ದೂ ಫಲ ದೊರೆಯದಿರಲು, ಮಗುವಿನ ಪರವಾಗಿ ಕೇಳುವವರೇ ಇಲ್ಲದಿರುವುದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಕೇಳುವ ಕೆಲವರು ಕೂಡ, ‘ದೊಡ್ಡ ಮನಸ್ಸು ಮಾಡಿ ಮೇಷ್ಟ್ರೇ’ ಎಂದು ಕೈಮುಗಿದು ಬೇಡುತ್ತಾರೆ. ಮೇಷ್ಟ್ರೂ ‘ನೋಡೋಣ’ ಎನ್ನುತ್ತಾರೆ. ಆ ‘ನೋಡೋಣ’ದಲ್ಲಿ ವರ್ಷವೊಂದು ಕಳೆದುಹೋಗುತ್ತದೆ. ಇಳಿಜಾರು ಕಟ್ಟಿಸಿದ್ದೇವೆಂದು ತೋರಿಸುವ ಶಾಲೆಯಲ್ಲಿ, ಅದರ ತುದಿಗೆ ಮೆಟ್ಟಿಲೊಂದು ಉಳಿದಿರುವುದನ್ನೂ, ಶೌಚಾಲಯದ ಬಾಗಿಲು ಗಾಲಿಕುರ್ಚಿಗಿಂತ ಕಿರಿದಾಗಿರುವುದನ್ನೂ ಅಳೆದು ತೋರಿಸುವವರು ಬೇಕು. ತೀವ್ರ ವೈಕಲ್ಯವುಳ್ಳ ಮಗುವಿಗೆ ಮನೆಯಲ್ಲಿಯೇ ಕಲಿಯುವ ಆಯ್ಕೆಯನ್ನು ಶಿಕ್ಷಣ ಹಕ್ಕು ಕಾಯಿದೆಯ 2012ರ ತಿದ್ದುಪಡಿ ಕೊಟ್ಟಿರುವುದು ನಿಜ. ಆದರೆ ಅದು ಮಗುವಿನ ಆಯ್ಕೆಯಾಗಿರಬೇಕೇ ಹೊರತು ಶಾಲೆಯ ಅನುಕೂಲಕ್ಕೆ ನೆಪವಾಗಬಾರದು.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ವಿನಂತಿಯಿಷ್ಟೆ. ಕೇಳುವುದನ್ನು ಲಿಖಿತವಾಗಿ ಕೇಳಿ. ಮಗುವಿಗೆ ಏನು ಬೇಕೆಂಬುದನ್ನು, ಮುಂದಿನ ಬೆಂಚೋ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆಯೋ, ಹೆಚ್ಚಿನ ಸಮಯವೋ, ಮೊದಲು ಮಗುವನ್ನೇ ಕೇಳಿ ತಿಳಿದು, ಒಂದು ಹಾಳೆಯಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಪ್ರತಿಯ ಮೇಲೆ ಸಹಿಯನ್ನೂ ತಾರೀಖನ್ನೂ ಪಡೆದಿಟ್ಟುಕೊಳ್ಳಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌.ಡಿ.ಎಂ.ಸಿ. ಸಭೆಯಲ್ಲಿಯೂ ಪ್ರಸ್ತಾಪಿಸಿ, ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಿರಿ. ಅಲ್ಲಿಯೂ ಕೆಲಸವಾಗದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ. ಅವರ ಆಚೆಗೆ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸುವುದಕ್ಕೂ ದಾಖಲೆಗಳನ್ನು ತರಿಸುವುದಕ್ಕೂ ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರವನ್ನೇ ಕಾಯಿದೆಯು ಆ ಆಯುಕ್ತರಿಗೆ ಕೊಟ್ಟಿದೆ.